‘ಹ್ಯಾಡ್’ ಎಲ್ಲಿ ಬೇಕು, ಎಲ್ಲಿ ಬೇಡ? ಪಾಸ್ಟ್ ಪರ್ಫೆಕ್ಟ್ ಕಲಿಯಲು ಸಮಗ್ರ ಮಾರ್ಗದರ್ಶಿ

ಧಾರವಾಡದ ಸಪ್ತಾಪುರದಲ್ಲಿ ರೂಮು ಮಾಡಿಕೊಂಡು ಎಫ್‌ಡಿಎ, ಪಿಎಸ್‌ಐ ಪರೀಕ್ಷೆಗೆ ಓದುವವರಿರಲಿ, ಹುಬ್ಬಳ್ಳಿಯಲ್ಲಿ ಕೆಲಸಕ್ಕೆ ಸೇರಿ ದಿನಾ ಇಂಗ್ಲಿಷಿನಲ್ಲಿ ಮೇಲ್ ಬರೆಯುವವರಿರಲಿ, ನಮ್ಮ ಕಡೆಯವರ ಇಂಗ್ಲಿಷಿನಲ್ಲಿ ಒಂದು ವಾಕ್ಯ ಮೇಲಿಂದ ಮೇಲೆ ಕೇಳಿಸುತ್ತದೆ.

‘ಯೆಸ್ಟರ್‌ಡೇ ಐ ಹ್ಯಾಡ್ ಗಾನ್ ಟು ಹುಬ್ಬಳ್ಳಿ.’

ನಿನ್ನೆ ಹುಬ್ಬಳ್ಳಿಗೆ ಹೋಗಿದ್ದೆ ಅಂತ ಹೇಳಬೇಕಿತ್ತು, ಹೇಳಿದರು. ಕೇಳಿದವರಿಗೆ ಅರ್ಥವೂ ಆಯಿತು. ಆದರೆ ಇಂಗ್ಲಿಷ್ ಚೆನ್ನಾಗಿ ಬಲ್ಲವರು ಇನ್ನೂ ಕಾಯುತ್ತಿರುತ್ತಾರೆ. ಹುಬ್ಬಳ್ಳಿಗೆ ಹೋಗಿದ್ದಿರಿ, ಸರಿ. ಅಷ್ಟೊತ್ತಿಗೆ ಏನಾಯಿತು? ಯಾರು ಬಂದರು? ‘ಹ್ಯಾಡ್’ ಅಂದ ಕೂಡಲೇ ಅವರಿಗೆ ಇನ್ನೊಂದು ಘಟನೆ ಬೇಕು. ಅದು ಬರದೇ ಹೋದರೆ ಮಾತು ಅರ್ಧಕ್ಕೇ ನಿಂತ ಹಾಗೆ ಅನಿಸುತ್ತದೆ. ಇಲ್ಲಿ ಬೇಕಾಗಿದ್ದದ್ದು ಬರೀ ‘ಯೆಸ್ಟರ್‌ಡೇ ಐ ವೆಂಟ್ ಟು ಹುಬ್ಬಳ್ಳಿ’.

ಈ ಒಂದು ವಿಷಯ ಗಟ್ಟಿಯಾದರೆ ಪಾಸ್ಟ್ ಪರ್ಫೆಕ್ಟ್‌ನ, ಅಂದರೆ ಈ ‘ಹ್ಯಾಡ್ ಗಾನ್’ ಥರದ ರೂಪದ, ಮುಕ್ಕಾಲು ಪಾಲು ಕಲಿತ ಹಾಗೆಯೇ. ಉಳಿದದ್ದು ಅಭ್ಯಾಸ.

ಮೊದಲ ಹೆಜ್ಜೆ: ‘ಬಹಳ ಹಿಂದೆ’ ಅನ್ನುವ ತಪ್ಪು ಕಲ್ಪನೆ ಬಿಡಿ

ತುಂಬಾ ಜನ ಹೀಗೆ ತಿಳಿದುಕೊಂಡಿರುತ್ತಾರೆ: ಮೊನ್ನೆ ನಡೆದದ್ದಕ್ಕೆ ಸಿಂಪಲ್ ಪಾಸ್ಟ್ (‘ವೆಂಟ್’ ಥರದ ರೂಪ), ವರ್ಷಗಟ್ಟಲೆ ಹಿಂದೆ ನಡೆದದ್ದಕ್ಕೆ ಪಾಸ್ಟ್ ಪರ್ಫೆಕ್ಟ್. ಇದು ಪೂರ್ತಿ ತಪ್ಪು.

ಧಾರವಾಡದ ಕರ್ನಾಟಕ ಕಾಲೇಜು ಶುರುವಾದದ್ದು 1917ರಲ್ಲಿ. ನೂರು ವರ್ಷ ದಾಟಿತು. ಆದರೂ ಇಂಗ್ಲಿಷಿನಲ್ಲಿ ‘ಕರ್ನಾಟಕ ಕಾಲೇಜ್ ಸ್ಟಾರ್ಟೆಡ್ ಇನ್ 1917’. ಹ್ಯಾಡ್ ಇಲ್ಲ. ಯಾಕೆಂದರೆ ಅಲ್ಲಿರುವುದು ಒಂದೇ ಘಟನೆ, ಅದರ ವರ್ಷ ಗೊತ್ತಿದೆ, ಹೇಳಿ ಮುಗಿಸಿದೆವು.

ಈಗ ಇದನ್ನು ನೋಡಿ. ನೀವು ಉಣಕಲ್ ಸ್ಟಾಪಿಗೆ ಓಡಿಕೊಂಡು ಬಂದಿರಿ. ಚಿಗರಿ ಬಸ್ ಎರಡು ನಿಮಿಷದ ಹಿಂದಷ್ಟೇ ಹೋಗಿತ್ತು.

‘ವೆನ್ ಐ ರೀಚ್ಡ್ ಉಣಕಲ್, ದ ಬಸ್ ಹ್ಯಾಡ್ ಲೆಫ್ಟ್.’

ನಡುವೆ ಇರುವುದು ಎರಡೇ ನಿಮಿಷ. ಆದರೂ ಹ್ಯಾಡ್ ಬೇಕೇ ಬೇಕು. ಅಂದರೆ ದೂರದ ಲೆಕ್ಕ ಇಲ್ಲಿಲ್ಲ. ಲೆಕ್ಕಕ್ಕೆ ಬರುವುದು ಸರದಿ. ಹಿಂದೆ ನಡೆದ ಎರಡು ಘಟನೆಗಳಲ್ಲಿ ಯಾವುದು ಮೊದಲು ನಡೆಯಿತೋ ಅದಕ್ಕೆ ಹ್ಯಾಡ್. ನೀವು ಹಿಂದಿನ ಕಾಲದ ಒಂದು ಜಾಗದಲ್ಲಿ ನಿಂತು, ಅದಕ್ಕೂ ಹಿಂದಕ್ಕೆ ತಿರುಗಿ ನೋಡುತ್ತಿದ್ದೀರಿ. ಆ ತಿರುಗಿ ನೋಡುವುದೇ ಪಾಸ್ಟ್ ಪರ್ಫೆಕ್ಟ್.

ಎರಡನೇ ಹೆಜ್ಜೆ: ರಚನೆ

ಇದು ಸುಲಭ. ಹ್ಯಾಡ್ ಹಾಕಿ, ಆಮೇಲೆ ಕ್ರಿಯಾಪದದ ಮೂರನೇ ರೂಪ, ಅಂದರೆ ಕ್ಲಾಸಿನಲ್ಲಿ ವಿ-ತ್ರೀ ಅನ್ನುತ್ತಾರಲ್ಲ, ಅದನ್ನು ಹಾಕಿ. ಐ, ಯು, ಹಿ, ಶಿ, ದೇ ಎಲ್ಲಕ್ಕೂ ಒಂದೇ ಹ್ಯಾಡ್. ಹ್ಯಾಸ್, ಹ್ಯಾವ್ ಅನ್ನುವ ಗೊಂದಲ ಇಲ್ಲಿಲ್ಲ.

ಇಲ್ಲ ಅನ್ನಬೇಕಾದರೆ ‘ಹ್ಯಾಡ್ ನಾಟ್’ ಅಥವಾ ‘ಹ್ಯಾಡಂಟ್’: ‘ದ ಬ್ಯಾಂಕ್ ಹ್ಯಾಡಂಟ್ ಓಪನ್ಡ್ ವೆನ್ ವಿ ಗಾಟ್ ದೇರ್.’ ಪ್ರಶ್ನೆ ಕೇಳಬೇಕಾದರೆ ಹ್ಯಾಡ್ ಮುಂದಕ್ಕೆ ಬರುತ್ತದೆ: ‘ಹ್ಯಾಡ್ ದ ಮೀಟಿಂಗ್ ಸ್ಟಾರ್ಟೆಡ್ ವೆನ್ ಯು ಅರೈವ್ಡ್?’ ಇದರ ಜೊತೆ ಡಿಡ್ ಸೇರಿಸಬೇಡಿ.

ಜನ ಎಡವುವುದು ವಿ-ತ್ರೀ ಹತ್ತಿರ. ‘ಹ್ಯಾಡ್ ವೆಂಟ್’, ‘ಹ್ಯಾಡ್ ಕೇಮ್’, ‘ಹ್ಯಾಡ್ ರೋಟ್’, ‘ಹ್ಯಾಡ್ ಸಾ’ ಎಲ್ಲವೂ ತಪ್ಪು. ಹ್ಯಾಡ್ ಗಾನ್, ಹ್ಯಾಡ್ ಕಮ್, ಹ್ಯಾಡ್ ರಿಟನ್, ಹ್ಯಾಡ್ ಸೀನ್ ಸರಿ. ನೂರಾರು ಕ್ರಿಯಾಪದಗಳ ಪಟ್ಟಿಯನ್ನು ಗೋಡೆಗೆ ಅಂಟಿಸಿಕೊಂಡು ಬಾಯಿಪಾಠ ಮಾಡುವ ಅಗತ್ಯ ಇಲ್ಲ. ದಿನಾ ಬಳಸುವವನ್ನು ಮೊದಲು ಹಿಡಿಯಿರಿ: ಗಾನ್, ಕಮ್, ಸೀನ್, ಡನ್, ಈಟನ್, ಡ್ರಂಕ್, ರಿಟನ್, ಟೇಕನ್, ಗಿವನ್, ಸ್ಪೋಕನ್, ಬ್ರೋಕನ್, ಫರ್ಗಾಟನ್, ಬಿಗನ್, ಲೆಫ್ಟ್, ಲಾಸ್ಟ್, ಪೇಯ್ಡ್, ಸೋಲ್ಡ್, ಬಾಟ್. ಕೊನೆಗೆ ಇ-ಡಿ ಬರುವ ಕ್ರಿಯಾಪದಗಳಿಗೆ ಎರಡನೇ ರೂಪ, ಮೂರನೇ ರೂಪ ಎರಡೂ ಒಂದೇ. ಅಲ್ಲಿ ತಲೆ ಕೆಡಿಸಿಕೊಳ್ಳಬೇಡಿ.

ಇನ್ನೊಂದು ಸಂಗತಿ. ‘ಹ್ಯಾಡ್ ಹ್ಯಾಡ್’ ಎಂದು ಎರಡು ಸಲ ಬಂದರೆ ಮುದ್ರಣದ ತಪ್ಪು ಅಂದುಕೊಳ್ಳಬೇಡಿ. ‘ಐ ಹ್ಯಾಡ್ ಹ್ಯಾಡ್ ಮೈ ಬ್ರೇಕ್‌ಫಾಸ್ಟ್ ಬಿಫೋರ್ ದೇ ಕೇಮ್’ ಸರಿಯಾದ ವಾಕ್ಯ. ಮೊದಲನೆಯದು ಸಹಾಯಕ ಕ್ರಿಯಾಪದ, ಎರಡನೆಯದು ‘ಹ್ಯಾವ್’ನ ಮೂರನೇ ರೂಪ.

ಮಾತಿನಲ್ಲಿ ಹ್ಯಾಡ್ ಪೂರ್ತಿ ಕೇಳಿಸುವುದೇ ಇಲ್ಲ. ‘ಐಡ್’, ‘ಹೀಡ್’, ‘ದೇಡ್’ ಅಂತ ಕೊನೆಯಲ್ಲಿ ಒಂದು ಡ್ ಮಾತ್ರ ಉಳಿಯುತ್ತದೆ. ‘ಐ ವುಡ್’ ಕೂಡ ‘ಐಡ್’ ಆಗುತ್ತದೆ. ಗುರುತಿಸುವುದು ಹೇಗೆ? ಮುಂದಿನ ಪದ ನೋಡಿ. ‘ಐಡ್ ಗಾನ್’ ಅಂದರೆ ಹ್ಯಾಡ್. ‘ಐಡ್ ಗೋ’ ಅಂದರೆ ವುಡ್. ‘ಐಡ್ ಬೆಟರ್ ಗೋ’ ಮಾತ್ರ ಬೇರೆ. ಅಲ್ಲಿರುವುದು ಹ್ಯಾಡ್, ಆದರೆ ಅರ್ಥ ‘ನಾನಿನ್ನು ಹೊರಡುವುದು ಒಳ್ಳೆಯದು’ ಅಂತ. ಅದಕ್ಕೂ ಭೂತಕಾಲಕ್ಕೂ ಸಂಬಂಧ ಇಲ್ಲ.

ಮೂರನೇ ಹೆಜ್ಜೆ: ನಮ್ಮ ‘ಹೋಗಿದ್ದೆ’ಯನ್ನು ಅರ್ಥ ಮಾಡಿಕೊಳ್ಳಿ

ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ಕನ್ನಡದವರಿಗೆ ಈ ಪಾಠದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಇದೇ, ಮತ್ತು ಇಂಗ್ಲಿಷಿನಲ್ಲೇ ಬರೆದ ವ್ಯಾಕರಣದ ಪುಸ್ತಕಗಳಲ್ಲಿ ಇದು ಸಿಗುವುದು ಕಷ್ಟ.

ಕನ್ನಡದಲ್ಲಿ ನಮಗೆ ಎರಡು ರೂಪ ಇವೆ: ‘ಹೋದೆ’ ಮತ್ತು ‘ಹೋಗಿದ್ದೆ’. ‘ಹೋಗಿದ್ದೆ’ಯನ್ನು ನಾವು ಎರಡು ಕೆಲಸಕ್ಕೆ ಬಳಸುತ್ತೇವೆ. ಒಂದು, ಹೋಗಿ ವಾಪಸ್ ಬಂದೆ, ಆ ಕೆಲಸ ಮುಗಿಯಿತು ಅನ್ನಲು: ‘ನಿನ್ನೆ ಹಾವೇರಿಗೆ ಹೋಗಿದ್ದೆ.’ ಇನ್ನೊಂದು, ಬೇರೆ ಘಟನೆಗಿಂತ ಮೊದಲೇ ನಡೆದಿತ್ತು ಅನ್ನಲು: ‘ನೀವು ಮನೆಗೆ ಬಂದಾಗ ನಾನು ಹಾವೇರಿಗೆ ಹೋಗಿದ್ದೆ.’

ಇಂಗ್ಲಿಷಿನ ಹ್ಯಾಡ್ ಇವುಗಳಲ್ಲಿ ಎರಡನೆಯ ಕೆಲಸ ಮಾತ್ರ ಮಾಡುತ್ತದೆ. ಮೊದಲನೆಯದಕ್ಕೆ ಸಿಂಪಲ್ ಪಾಸ್ಟ್ ಸಾಕು. ನಾವು ಎರಡಕ್ಕೂ ಹ್ಯಾಡ್ ಹಾಕಿಬಿಡುತ್ತೇವೆ. ತಪ್ಪು ಹುಟ್ಟುವುದು ಇಲ್ಲಿಂದ.

‘ಸರ್ ಫೋನ್ ಮಾಡಿದ್ದರು’ ಅಂದರೆ ‘ಸರ್ ಕಾಲ್ಡ್’. ‘ಸೋಮವಾರ ಅರ್ಜಿ ಕೊಟ್ಟಿದ್ದೆ’ ಅಂದರೆ ‘ಐ ಸಬ್ಮಿಟೆಡ್ ದ ಅಪ್ಲಿಕೇಶನ್ ಆನ್ ಮಂಡೇ’. ‘ಹೋದ ವರ್ಷ ಗದಗಿನಲ್ಲಿ ಇದ್ದೆ’ ಅಂದರೆ ‘ಐ ವಾಸ್ ಇನ್ ಗದಗ ಲಾಸ್ಟ್ ಇಯರ್’.

ಇದಕ್ಕೆ ನಮ್ಮ ಮಾತಿನಲ್ಲೇ ಒಂದು ಪರೀಕ್ಷೆ ಇದೆ. ವಾಕ್ಯದಲ್ಲಿ ‘ಅಷ್ಟೊತ್ತಿಗಾಗಲೇ’ ಅನ್ನುವ ಮಾತು ಸೇರಿಸಿ ನೋಡಿ. ಸಹಜವಾಗಿ ಕೂತರೆ ಹ್ಯಾಡ್ ಹಾಕಿ. ‘ಯಾವಷ್ಟೊತ್ತಿಗೆ?’ ಅಂತ ನೀವೇ ಕೇಳಿಕೊಳ್ಳಬೇಕಾಗಿ ಬಂದರೆ ಹ್ಯಾಡ್ ಬೇಡ.

‘ಕಚೇರಿಯಿಂದ ನೋಟಿಸು ಬಂತು. ಅಷ್ಟೊತ್ತಿಗಾಗಲೇ ನಾನು ಫೀಸು ಕಟ್ಟಿದ್ದೆ.’ ಚೆನ್ನಾಗಿ ಕೂಡುತ್ತದೆ. ಹಾಗಾಗಿ ‘ಐ ಹ್ಯಾಡ್ ಆಲ್ರೆಡಿ ಪೇಯ್ಡ್ ದ ಫೀ ವೆನ್ ದ ನೋಟಿಸ್ ಕೇಮ್’. ಅದೇ ‘ನಿನ್ನೆ ಅಷ್ಟೊತ್ತಿಗಾಗಲೇ ಹುಬ್ಬಳ್ಳಿಗೆ ಹೋಗಿದ್ದೆ’ ಅಂದು ನೋಡಿ. ಹಿಂದೆ ಮುಂದೆ ಏನೂ ಇಲ್ಲದೆ ಆ ಮಾತು ಗಾಳಿಯಲ್ಲಿ ನಿಲ್ಲುತ್ತದೆ. ಹಾಗಾಗಿ ‘ಐ ವೆಂಟ್’.

ಇನ್ನೊಂದು ಸಮಾಧಾನದ ವಿಷಯ. ‘ಮೊದಲು’, ‘ಆಮೇಲೆ’ ಅನ್ನುವ ಈ ಸೂಕ್ಷ್ಮ ನಮಗೆ ಹೊಸದಲ್ಲ. ಈ ಎರಡು ವಾಕ್ಯಗಳನ್ನು ಜೋರಾಗಿ ಓದಿ:

‘ನಾನು ಸ್ಟೇಷನ್ ಮುಟ್ಟಿದಾಗ ರೈಲು ಹೊರಟಿತು.’
‘ನಾನು ಸ್ಟೇಷನ್ ಮುಟ್ಟಿದಾಗ ರೈಲು ಹೊರಟಿತ್ತು.’

ಕೊನೆಯಲ್ಲಿ ಒಂದು ತ ಒತ್ತು, ಅಷ್ಟೇ. ಮೊದಲನೆಯದರಲ್ಲಿ ನೀವು ಬಂದಿರಿ, ಕಣ್ಣೆದುರೇ ರೈಲು ಹೊರಟಿತು, ಓಡಿ ಹತ್ತಿದರೂ ಹತ್ತಬಹುದಿತ್ತು. ಎರಡನೆಯದರಲ್ಲಿ ಪ್ಲಾಟ್‌ಫಾರ್ಮ್ ಖಾಲಿ. ಇಂಗ್ಲಿಷಿನಲ್ಲೂ ಹೀಗೆಯೇ. ‘ವೆನ್ ಐ ರೀಚ್ಡ್ ದ ಸ್ಟೇಷನ್, ದ ಟ್ರೇನ್ ಲೆಫ್ಟ್’ ಮೊದಲನೆಯದು. ‘ವೆನ್ ಐ ರೀಚ್ಡ್ ದ ಸ್ಟೇಷನ್, ದ ಟ್ರೇನ್ ಹ್ಯಾಡ್ ಲೆಫ್ಟ್’ ಎರಡನೆಯದು. ಕನ್ನಡದಲ್ಲಿ ಈ ವ್ಯತ್ಯಾಸ ಥಟ್ಟನೆ ಹೊಳೆಯುವವರಿಗೆ ಇಂಗ್ಲಿಷಿನಲ್ಲೂ ಹೊಳೆಯುತ್ತದೆ.

ನಾಲ್ಕನೇ ಹೆಜ್ಜೆ: ಜೊತೆಗೆ ಬರುವ ಪದಗಳು

‘ಬೈ ದ ಟೈಮ್’ ಬಂದರೆ ಹೆಚ್ಚು ಯೋಚಿಸಬೇಡಿ. ಅದು ನಮ್ಮ ‘ಅಷ್ಟರಲ್ಲಿ’. ಬ್ಯಾಡಗಿ ಮಾರ್ಕೆಟ್ಟಿಗೆ ಮೆಣಸಿನಕಾಯಿ ಚೀಲ ತಂದ ರೈತರು ಹೇಳುವ ಮಾತು ಅಂದುಕೊಳ್ಳಿ: ‘ಬೈ ದ ಟೈಮ್ ವಿ ರೀಚ್ಡ್ ಬ್ಯಾಡಗಿ, ದ ಟೆಂಡರ್ ಹ್ಯಾಡ್ ಕ್ಲೋಸ್ಡ್.’ ಬೈ ದ ಟೈಮ್ ಇರುವ ಭಾಗದಲ್ಲಿ ಸಿಂಪಲ್ ಪಾಸ್ಟ್, ಇನ್ನೊಂದು ಭಾಗದಲ್ಲಿ ಹ್ಯಾಡ್. ಇದನ್ನು ತಿರುಗಾಮುರುಗಾ ಮಾಡಿ ‘ಬೈ ದ ಟೈಮ್ ವಿ ಹ್ಯಾಡ್ ರೀಚ್ಡ್, ದ ಟೆಂಡರ್ ಕ್ಲೋಸ್ಡ್’ ಅಂತ ಬರೆಯುವವರಿದ್ದಾರೆ. ಆಗ ಯಾವುದು ಮೊದಲು ನಡೆಯಿತು ಅನ್ನುವುದೇ ಉಲ್ಟಾ ಆಗುತ್ತದೆ.

‘ವೆನ್’ ಬಂದಾಗ ಮಾತ್ರ ನಿಂತು ಯೋಚಿಸಿ. ಅದು ಯಾವ ಸರದಿಯನ್ನೂ ಹೇಳುವುದಿಲ್ಲ. ಸರದಿ ಹೇಳುವ ಹೊಣೆ ಪೂರ್ತಿ ಹ್ಯಾಡ್ ಮೇಲೆ ಬೀಳುತ್ತದೆ. ಮೇಲಿನ ರೈಲಿನ ವಾಕ್ಯದಲ್ಲಿ ಆದದ್ದು ಇದೇ.

‘ಬಿಫೋರ್’, ‘ಆಫ್ಟರ್’ ಬಂದಾಗ ಸ್ವಲ್ಪ ಸಡಿಲ ಇದೆ. ಆ ಪದಗಳೇ ಸರದಿ ಹೇಳಿಬಿಡುತ್ತವೆ. ‘ಆಫ್ಟರ್ ವಿ ಏಟ್, ವಿ ಲೆಫ್ಟ್’ ಅಂದರೂ ಸರಿ, ‘ಆಫ್ಟರ್ ವಿ ಹ್ಯಾಡ್ ಈಟನ್, ವಿ ಲೆಫ್ಟ್’ ಅಂದರೂ ಸರಿ. ಆದರೆ ಪರೀಕ್ಷೆಯಲ್ಲಿ ಖಾಲಿ ಜಾಗ ತುಂಬಿ ಅಂತ ಕೊಟ್ಟರೆ ಮೊದಲು ನಡೆದದ್ದಕ್ಕೆ ಹ್ಯಾಡ್ ಬರೆಯಿರಿ. ಉತ್ತರಪತ್ರಿಕೆ ನೋಡುವವರು ಅದನ್ನೇ ಹುಡುಕುತ್ತಾರೆ.

‘ಬಿಕಾಸ್’ ಕೂಡ ಹ್ಯಾಡ್‌ಗೆ ಒಳ್ಳೆಯ ಜೊತೆ. ಕಾರಣ ಯಾವಾಗಲೂ ಪರಿಣಾಮಕ್ಕಿಂತ ಮೊದಲು ಇರುತ್ತದೆ, ಅಲ್ವಾ? ‘ಹಿ ವಾಸ್ ಹಂಗ್ರಿ ಬಿಕಾಸ್ ಹಿ ಹ್ಯಾಡಂಟ್ ಈಟನ್ ಸಿನ್ಸ್ ಮಾರ್ನಿಂಗ್.’

ಸ್ಪರ್ಧಾತ್ಮಕ ಪರೀಕ್ಷೆ ಬರೆಯುವವರು ಇನ್ನೆರಡನ್ನು ನೆನಪಿಡಿ. ‘ನೋ ಸೂನರ್’ ಬಂದರೆ ‘ದ್ಯಾನ್’, ‘ಹಾರ್ಡ್ಲಿ’ ಬಂದರೆ ‘ವೆನ್’. ಎರಡರಲ್ಲೂ ಹ್ಯಾಡ್ ಕರ್ತೃವಿನ ಮುಂದಕ್ಕೆ ಜಿಗಿಯುತ್ತದೆ: ‘ನೋ ಸೂನರ್ ಹ್ಯಾಡ್ ಐ ರೀಚ್ಡ್ ಹೋಮ್ ದ್ಯಾನ್ ಇಟ್ ಬಿಗ್ಯಾನ್ ಟು ರೇನ್.’ ಮನೆ ಮುಟ್ಟಿದ್ದೇ ತಡ, ಮಳೆ ಶುರುವಾಯಿತು. ಮಾತಿನಲ್ಲಿ ಇದನ್ನು ಯಾರೂ ಜಾಸ್ತಿ ಬಳಸುವುದಿಲ್ಲ. ಮಾರ್ಕ್ಸ್ ಬೇಕಾದವರು ಕಲಿತುಕೊಳ್ಳಿ.

ಐದನೇ ಹೆಜ್ಜೆ: ಕಥೆಯಲ್ಲಿ ಹಿಂದಕ್ಕೆ ಹೋಗಿ ಬರುವುದು

ಘಟನೆಗಳನ್ನು ನಡೆದ ಕ್ರಮದಲ್ಲೇ ಹೇಳುತ್ತಾ ಹೋದರೆ ಹ್ಯಾಡ್ ಒಂದೂ ಬೇಡ. ‘ಎದ್ದೆ, ಸ್ನಾನ ಮಾಡಿದೆ, ನಾಷ್ಟಾ ಮಾಡಿ ಹೊರಟೆ’ ಅನ್ನುವುದಕ್ಕೆ ‘ಐ ಗಾಟ್ ಅಪ್, ಟುಕ್ ಎ ಬಾತ್, ಏಟ್ ಬ್ರೇಕ್‌ಫಾಸ್ಟ್ ಅಂಡ್ ಲೆಫ್ಟ್’. ಸ್ನಾನ ನಾಷ್ಟಾಕ್ಕಿಂತ ಮೊದಲು ನಡೆಯಿತು ನಿಜ. ಆದರೆ ನೀವು ಹಿಂದಕ್ಕೆ ತಿರುಗಲಿಲ್ಲ, ಮುಂದಕ್ಕೇ ನಡೆದಿರಿ.

ಕಥೆ ಮಧ್ಯದಿಂದ ಶುರುವಾಗಿ ಹಿಂದಕ್ಕೆ ಹೋದಾಗ ಹ್ಯಾಡ್ ಬೇಕಾಗುತ್ತದೆ. ಗದಗಿನ ಹುಡುಗ ಭೀಮಸೇನ ಜೋಶಿಯವರ ಬದುಕಿನ ಒಂದು ತುಣುಕು ತೆಗೆದುಕೊಳ್ಳೋಣ. ಅವರು 1933ರಲ್ಲಿ, ಹನ್ನೊಂದನೇ ವಯಸ್ಸಿನಲ್ಲಿ, ಸಂಗೀತದ ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟರು. ಗ್ವಾಲಿಯರ್‌ಗೆ ಹೋದರು, ಕೊನೆಗೆ ಜಲಂಧರ್ ಮುಟ್ಟಿದರು. ತಂದೆ ಅವರನ್ನು ಅಲ್ಲಿ ಪತ್ತೆ ಹಚ್ಚಿ ಊರಿಗೆ ಕರೆದುಕೊಂಡು ಬಂದರು. ಆಮೇಲೆ ಕುಂದಗೋಳದ ಸವಾಯಿ ಗಂಧರ್ವರ ಶಿಷ್ಯರಾದರು. ಈಗ ಇದನ್ನೇ ಕೊನೆಯಿಂದ ಶುರು ಮಾಡಿ ಇಂಗ್ಲಿಷಿನಲ್ಲಿ ಹೇಳಿದರೆ ಹೀಗಾಗುತ್ತದೆ:

‘ಭೀಮಸೇನ ಜೋಶಿ ಬಿಕೇಮ್ ಎ ಸ್ಟೂಡೆಂಟ್ ಆಫ್ ಸವಾಯಿ ಗಂಧರ್ವ ಇನ್ ಕುಂದಗೋಳ. ಹಿ ಹ್ಯಾಡ್ ಲೆಫ್ಟ್ ಹೋಮ್ ಅಟ್ ಇಲೆವನ್ ಇನ್ ಸರ್ಚ್ ಆಫ್ ಎ ಗುರು. ಹಿ ವೆಂಟ್ ಟು ಗ್ವಾಲಿಯರ್ ಅಂಡ್ ಲೇಟರ್ ರೀಚ್ಡ್ ಜಲಂಧರ್. ಹಿಸ್ ಫಾದರ್ ಫೌಂಡ್ ಹಿಮ್ ದೇರ್ ಅಂಡ್ ಬ್ರಾಟ್ ಹಿಮ್ ಬ್ಯಾಕ್.’

ಹ್ಯಾಡ್ ಎಷ್ಟು ಬಂತು? ಒಂದೇ. ‘ಹ್ಯಾಡ್ ಲೆಫ್ಟ್’ ಅಂದ ಕೂಡಲೇ ಓದುವವರು ಹಿಂದಿನ ಕಾಲಕ್ಕೆ ಬಂದು ನಿಂತರು. ಅಲ್ಲಿಂದ ಮುಂದೆ ಎಲ್ಲವೂ ನಡೆದ ಕ್ರಮದಲ್ಲೇ ಇದೆ, ಸಿಂಪಲ್ ಪಾಸ್ಟ್ ಸಾಕು. ಪ್ರತಿ ವಾಕ್ಯಕ್ಕೂ ಹ್ಯಾಡ್ ಹಾಕಿದರೆ ವ್ಯಾಕರಣ ತಪ್ಪಾಗುವುದಿಲ್ಲ, ಆದರೆ ಓದಲು ಭಾರ ಅನಿಸುತ್ತದೆ. ಒಳ್ಳೆಯ ಇಂಗ್ಲಿಷ್ ಬರೆಯಬೇಕು ಅನ್ನುವವರು ಈ ಹದ ಕಲಿಯಲೇಬೇಕು.

ಒಂದು ಸ್ಥಿತಿ ಎಷ್ಟೋ ಕಾಲ ಇದ್ದು, ಆಮೇಲೆ ಬದಲಾದದ್ದನ್ನು ಹೇಳಲೂ ಇದೇ ದಾರಿ: ‘ಗದಗ ಹ್ಯಾಡ್ ಬೀನ್ ಪಾರ್ಟ್ ಆಫ್ ಧಾರವಾಡ ಡಿಸ್ಟ್ರಿಕ್ಟ್ ಬಿಫೋರ್ ಇಟ್ ಬಿಕೇಮ್ ಎ ಸೆಪರೇಟ್ ಡಿಸ್ಟ್ರಿಕ್ಟ್ ಇನ್ 1997.’ ಹಾವೇರಿಗೂ ಇದೇ ವಾಕ್ಯ ಹೊಂದುತ್ತದೆ, ವರ್ಷವೂ ಅದೇ.

ಕೆಲಸ ಎಡೆಬಿಡದೆ ನಡೆಯುತ್ತಿತ್ತು ಅಂತ ಒತ್ತಿ ಹೇಳಬೇಕಾದರೆ ‘ಹ್ಯಾಡ್ ಬೀನ್’ ಹಾಕಿ ಐ-ಎನ್-ಜಿ ರೂಪ ಸೇರಿಸಿ. ‘ವಿ ಹ್ಯಾಡ್ ಬೀನ್ ವೇಟಿಂಗ್ ಫಾರ್ ಟೂ ಅವರ್ಸ್ ವೆನ್ ದ ಬಸ್ ಕೇಮ್.’ ಬಸ್ ಬಂದಾಗ ನಾವು ಕಾಯಲು ಹತ್ತಿ ಎರಡು ತಾಸಾಗಿತ್ತು. ನೋ (ಗೊತ್ತಿರುವುದು), ಬಿಲೀವ್ (ನಂಬುವುದು), ಓನ್ (ಸ್ವಂತಕ್ಕೆ ಇರುವುದು) ಇಂಥ ಕ್ರಿಯಾಪದಗಳಿಗೆ ಇದು ಹೊಂದುವುದಿಲ್ಲ: ‘ಐ ಹ್ಯಾಡ್ ನೋನ್ ಹಿಮ್ ಫಾರ್ ಇಯರ್ಸ್’ ಅನ್ನಬೇಕು.

ಆರನೇ ಹೆಜ್ಜೆ: ಬೇರೆಯವರ ಮಾತನ್ನು ವರದಿ ಮಾಡುವುದು

ಎಸ್‌ಎಸ್‌ಎಲ್‌ಸಿಯ ರಿಪೋರ್ಟೆಡ್ ಸ್ಪೀಚ್ ಇಲ್ಲಿ ಬರುತ್ತದೆ. ‘ಹಿ ಸೆಡ್’ ಅಂತ ಭೂತಕಾಲದಲ್ಲಿ ಶುರು ಮಾಡಿದರೆ, ಅವನ ಮಾತಿನೊಳಗಿನ ಸಿಂಪಲ್ ಪಾಸ್ಟ್ ಆಗಲಿ, ಪ್ರೆಸೆಂಟ್ ಪರ್ಫೆಕ್ಟ್ ಆಗಲಿ, ಎರಡೂ ಹ್ಯಾಡ್ ಆಗುತ್ತವೆ. ‘ಐ ಸಾ ದ ಆಕ್ಸಿಡೆಂಟ್’ ಅಂದಿದ್ದು ‘ಹಿ ಸೆಡ್ ದಟ್ ಹಿ ಹ್ಯಾಡ್ ಸೀನ್ ದ ಆಕ್ಸಿಡೆಂಟ್’ ಆಯಿತು. ‘ಐ ಹ್ಯಾವ್ ಫಿನಿಶ್ಡ್ ಮೈ ವರ್ಕ್’ ಅಂದಿದ್ದು ‘ಶಿ ಸೆಡ್ ದಟ್ ಶಿ ಹ್ಯಾಡ್ ಫಿನಿಶ್ಡ್ ಹರ್ ವರ್ಕ್’ ಆಯಿತು. ಕಾರಣ ಹಳೆಯದೇ: ಹೇಳಿದ್ದು ಹಿಂದೆ, ನೋಡಿದ್ದು ಅದಕ್ಕೂ ಹಿಂದೆ. ಪತ್ರಿಕೆಗೆ ವರದಿ ಬರೆಯುವವರಿಗೆ, ಪೊಲೀಸ್ ಕೆಲಸಕ್ಕೆ ತಯಾರಾಗುವವರಿಗೆ ಇದು ನಿಜಕ್ಕೂ ಉಪಯೋಗಕ್ಕೆ ಬರುವ ಪಾಠ. ಮಾತಿನಲ್ಲಿ ಮೊದಲೇ ಹ್ಯಾಡ್ ಇದ್ದರೆ ಹಾಗೇ ಬಿಡಿ, ಅದಕ್ಕಿಂತ ಹಿಂದಿನ ರೂಪ ಇಂಗ್ಲಿಷಿನಲ್ಲಿ ಇಲ್ಲ.

ಏಳನೇ ಹೆಜ್ಜೆ: ನಡೆಯದೇ ಹೋದದ್ದು

ಹ್ಯಾಡ್‌ಗೆ ಇನ್ನೊಂದು ಮುಖ ಇದೆ, ಮತ್ತು ಇಲ್ಲಿ ಕನ್ನಡ ನಮಗೆ ಪೂರ್ತಿ ಸಹಾಯ ಮಾಡುತ್ತದೆ. ‘ಬೇಗ ಹೊರಟಿದ್ದರೆ ಬಸ್ ಸಿಗುತ್ತಿತ್ತು.’ ಹೊರಡಲಿಲ್ಲ, ಬಸ್ ಸಿಗಲಿಲ್ಲ. ‘ಹೊರಟಿದ್ದರೆ’ಯಲ್ಲಿರುವ ‘ಇದ್ದ’ ಮತ್ತು ಇಂಗ್ಲಿಷಿನ ‘ಹ್ಯಾಡ್’ ಇಲ್ಲಿ ಸರಿಯಾಗಿ ಒಂದಕ್ಕೊಂದು ಹೊಂದುತ್ತವೆ.

‘ಇಫ್ ಐ ಹ್ಯಾಡ್ ಲೆಫ್ಟ್ ಅರ್ಲಿ, ಐ ವುಡ್ ಹ್ಯಾವ್ ಕಾಟ್ ದ ಬಸ್.’

‘ಇಫ್ ಐ ವುಡ್ ಹ್ಯಾವ್ ಲೆಫ್ಟ್’ ಅಂತ ಬರೆಯಬೇಡಿ. ಇಫ್ ಇರುವ ಕಡೆ ಹ್ಯಾಡ್, ಇನ್ನೊಂದು ಕಡೆ ವುಡ್ ಹ್ಯಾವ್. ಕೈ ತಪ್ಪಿದ್ದಕ್ಕೆ ಹಳಹಳಿಸಲು ‘ಐ ವಿಶ್ ಐ ಹ್ಯಾಡ್ ಲೆಫ್ಟ್ ಅರ್ಲಿ’. ನಮ್ಮ ಕಡೆ ‘ಲಗೂನ ಹೊಂಟಿದ್ರ ಚಲೋ ಇತ್ತು’ ಅನ್ನುತ್ತೇವಲ್ಲ, ಅದೇ ಭಾವ. ಅಂದುಕೊಂಡು ಆಗದೇ ಹೋದದ್ದಕ್ಕೂ ಹೀಗೆಯೇ: ‘ಐ ಹ್ಯಾಡ್ ಪ್ಲಾನ್ಡ್ ಟು ಕಮ್’, ಅಂದರೆ ಬರಬೇಕು ಅಂದುಕೊಂಡಿದ್ದೆ, ಆಗಲಿಲ್ಲ.

ಎಂಟನೇ ಹೆಜ್ಜೆ: ಒಂದು ಪೂರ್ತಿ ಅಭ್ಯಾಸ

ಈ ತುಣುಕನ್ನು ಮೊದಲು ನೀವೇ ಇಂಗ್ಲಿಷಿಗೆ ತನ್ನಿ. ಉತ್ತರ ಆಮೇಲೆ ನೋಡಿ.

‘ಶನಿವಾರ ಗದಗಿಗೆ ಮದುವೆಗೆ ಹೋಗಿದ್ದೆವು. ನಾವು ಮಂಟಪ ಮುಟ್ಟುವಷ್ಟರಲ್ಲಿ ಅಕ್ಕಿಕಾಳು ಬಿದ್ದಿದ್ದವು. ಕಾಕಾ ಸಿಟ್ಟಾಗಿದ್ದರು. ಬೆಳಿಗ್ಗೆ ನಾಲ್ಕು ಸಲ ಫೋನ್ ಮಾಡಿದ್ದರಂತೆ. ನಾನು ಫೋನ್ ಮನೆಯಲ್ಲೇ ಬಿಟ್ಟು ಬಂದಿದ್ದೆ. ಊಟ ಮಾಡಿ ಸಂಜೆ ವಾಪಸ್ ಬಂದೆವು.’

‘ಇದ್ದ’ ರೂಪ ಐದು ಕಡೆ ಇದೆ. ಹ್ಯಾಡ್ ಬರುವುದು ಮೂರೇ ಕಡೆ.

‘ಹೋಗಿದ್ದೆವು’ ಹೋಗಿ ಬಂದ ಸುದ್ದಿ, ಕಥೆಯ ಆರಂಭ. ‘ಆನ್ ಸ್ಯಾಟರ್‌ಡೇ ವಿ ವೆಂಟ್ ಟು ಗದಗ ಫಾರ್ ಎ ವೆಡ್ಡಿಂಗ್.’ ‘ಬಿದ್ದಿದ್ದವು’ ನಾವು ಮುಟ್ಟುವುದಕ್ಕಿಂತ ಮೊದಲು ನಡೆದದ್ದು. ಅಕ್ಕಿಕಾಳನ್ನು ಪದಕ್ಕೆ ಪದ ಅನುವಾದ ಮಾಡಲು ಹೋಗಬೇಡಿ, ಮದುವೆ ಮುಗಿದಿತ್ತು ಅಂದರೆ ಸಾಕು: ‘ಬೈ ದ ಟೈಮ್ ವಿ ರೀಚ್ಡ್ ದ ಹಾಲ್, ದ ಸೆರೆಮನಿ ಹ್ಯಾಡ್ ಎಂಡೆಡ್.’ ‘ಸಿಟ್ಟಾಗಿದ್ದರು’ ಆ ಹೊತ್ತಿನ ಸ್ಥಿತಿ: ‘ಮೈ ಅಂಕಲ್ ವಾಸ್ ಆಂಗ್ರಿ.’ ಇಲ್ಲಿ ಹೆಚ್ಚಿನವರು ಹ್ಯಾಡ್ ಹಾಕಿ ಸಿಕ್ಕಿಬೀಳುತ್ತಾರೆ. ‘ಫೋನ್ ಮಾಡಿದ್ದರಂತೆ’ ಬೆಳಗಿನ ಮಾತು, ಸಿಟ್ಟಿಗೆ ಕಾರಣ: ‘ಹಿ ಹ್ಯಾಡ್ ಕಾಲ್ಡ್ ಫೋರ್ ಟೈಮ್ಸ್ ಇನ್ ದ ಮಾರ್ನಿಂಗ್.’ ‘ಬಿಟ್ಟು ಬಂದಿದ್ದೆ’ ಕೂಡ ಅದಕ್ಕೂ ಮೊದಲಿನದು: ‘ಐ ಹ್ಯಾಡ್ ಲೆಫ್ಟ್ ಮೈ ಫೋನ್ ಅಟ್ ಹೋಮ್.’ ಕೊನೆಯದು ನಡೆದ ಕ್ರಮದಲ್ಲೇ ಇದೆ: ‘ವಿ ಏಟ್ ಅಂಡ್ ರಿಟರ್ನ್ಡ್ ಇನ್ ದ ಈವನಿಂಗ್.’

ಹೀಗೆ ನಿಮ್ಮದೇ ದಿನದ ಬಗ್ಗೆ ರಾತ್ರಿ ಐದಾರು ಸಾಲು ಬರೆಯಿರಿ. ಬರೆದ ಮೇಲೆ ಪ್ರತಿ ಹ್ಯಾಡ್ ಕೆಳಗೆ ಗೆರೆ ಎಳೆದು, ‘ಯಾವುದಕ್ಕಿಂತ ಮೊದಲು?’ ಅಂತ ಕೇಳಿಕೊಳ್ಳಿ. ಉತ್ತರ ಅದೇ ಸಾಲಿನಲ್ಲೋ ಅಕ್ಕಪಕ್ಕದ ಸಾಲಿನಲ್ಲೋ ಸಿಕ್ಕರೆ ಹ್ಯಾಡ್ ಇರಲಿ. ಸಿಗದಿದ್ದರೆ ಅದನ್ನು ಹೊಡೆದುಹಾಕಿ, ವಿ-ತ್ರೀ ತೆಗೆದು ವಿ-ಟು, ಅಂದರೆ ಎರಡನೇ ರೂಪ, ಬರೆಯಿರಿ.